ನತ್ತಿಗೆ ತಕ್ಕ ಮೂಗು

ತನ್ನ ಹೃದಯ ಬೇಕಾದಷ್ಟು ಕೆಟ್ಟಿಲ್ಲವೇನೋ ಎಂಬುದೇ ಮೇಧಾಳ ಚಿಂತೆಯಾಗಿತ್ತು.

ಬೇರೆಯವರು ಆಪರೇಷನ್ ಹತ್ತಿರ ಬಂದಾಗ ಎದೆ ಗಟ್ಟಿಯಾಗಿರಲಿ ಎಂದು ದೇವರಿಗೆ ಕೈಮುಗಿಯುತ್ತಾರೆ. ಇವಳು ಮಾಳಿಗೆಯ ಮೇಲೆ ಸಂಡಿಗೆ ತಿರುವಿ ಹಾಕುತ್ತ, ಒಂದು ಕೈ ಎದೆಯ ಮೇಲಿಟ್ಟುಕೊಂಡು, ನಾಳೆ ಒಂದು ದಿನ ಸರಿಯಾಗಿ ತಪ್ಪು ಬಡಿ, ಡಾಕ್ಟರ ಕಿವಿಗೆ ಬೀಳುವ ಹಾಗೆ ಬಡಿ ಎಂದು ಅದನ್ನು ಬೇಡಿಕೊಳ್ಳುತ್ತಿದ್ದಳು. ಇಷ್ಟನ್ನು ಡೈರಿಯಲ್ಲಿ ಬರೆದುಕೊಳ್ಳಲೂ ಅವಳಿಗೆ ನಾಚಿಕೆಯಾಗಿತ್ತು. ಬಾಯಿಬಿಟ್ಟು 'ಒಲ್ಲೆ' ಎನ್ನಲಾಗದ ಇಪ್ಪತ್ತಮೂರರ ಹುಡುಗಿ, ಬಿ.ಎಸ್ಸಿ. ಪಾಸಾದವಳು, ತನ್ನ ಪರವಾಗಿ ಜಗಳಾಡಲು ಜೋತುಬಿದ್ದ ಒಂದು ಕವಾಟವನ್ನು ಮುಂದೆ ಮಾಡಿ ತಾನು ಹಿಂದೆ ಅಡಗಿ ಕೂತಿದ್ದಳು.

ಕವಾಟದ ಸಂಗತಿ ಎರಡು ವರ್ಷದ ಹಿಂದಿನದು. ಪ್ರ್ಯಾಕ್ಟಿಕಲ್ ಪರೀಕ್ಷೆಯ ದಿನ ಎದೆ ಇದ್ದಕ್ಕಿದ್ದಂತೆ ಓಡತೊಡಗಿ ಅವಳು ಪ್ರಯೋಗಶಾಲೆಯ ನೆಲದ ಮೇಲೆ ಕೂತುಬಿಟ್ಟಿದ್ದಳು. ಹುಬ್ಬಳ್ಳಿಯ ಡಾಕ್ಟರು ಎಕೋ ಮಾಡಿ ನೋಡಿ, ಹೃದಯದ ಎಡಗಡೆಯ ಕವಾಟದ ಒಂದು ಪದರ ತುಸು ಉದ್ದವಾಗಿದೆ, ಗಾಳಿಗೆ ಪರದೆ ಉಬ್ಬಿದ ಹಾಗೆ ಬಡಿತಕ್ಕೊಮ್ಮೆ ಹಿಂದಕ್ಕೆ ಉಬ್ಬುತ್ತದೆ, ಮೈಟ್ರಲ್ ವಾಲ್ವ್ ಪ್ರೊಲ್ಯಾಪ್ಸ್ ಅಂತಾರೆ, ಬಹಳ ಜನಕ್ಕೆ ಇರುತ್ತದೆ, ಹೆದರಬೇಡಿ ಎಂದಿದ್ದರು. ಎದೆ ಓಡಿದಾಗ ನುಂಗಲು ಒಂದು ಗುಳಿಗೆ ಬರೆದುಕೊಟ್ಟಿದ್ದರು. ಹೆದರಬೇಡಿ ಎಂಬ ಮಾತು ಮಾತ್ರ ಅವಳ ಅತ್ಯಾ ಜಾನಕೀಬಾಯಿಯ ಕಿವಿಗೆ ಬೀಳಲೇ ಇಲ್ಲ.

"ಈ ಸುದ್ದಿ ವೀರನಾರಾಯಣ ಗುಡಿ ದಾಟಬಾರದು," ಎಂದು ಜಾನಕೀಬಾಯಿ ಗದಗಿನಲ್ಲಿ ಬಸ್ಸಿನಿಂದ ಇಳಿಯುವ ಮೊದಲೇ ಅಪ್ಪಣೆ ಕೊಟ್ಟಳು. "ಇವತ್ತ ಪರದೆ ಅಂತೀರಿ. ನಾಳೆ ಓಣ್ಯಾಗ ತೂತು ಅಂತಾರ. ನಾಡದ ಯಾರೂ ಹುಡುಗೀನ್ನ ನೋಡಲಿಕ್ಕೆ ಬರಂಗಿಲ್ಲ."

ಜಾನಕೀಬಾಯಿ ಮೇಧಾಳ ತಂದೆ ರಘೂತ್ತಮನ ಅಕ್ಕ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದವಳು, ಮೇಧಾಳ ತಾಯಿ ತೀರಿದ ಮೇಲೆ ಮನೆಯನ್ನೇ ಕೈಗೆ ತೆಗೆದುಕೊಂಡಳು. ಹುಬ್ಬಳ್ಳಿಯಿಂದ ಬಂದ ದಿನದಿಂದ ಆ ಮನೆಯಲ್ಲಿ 'ಎದೆ' ಎಂಬ ಶಬ್ದಕ್ಕೆ ಮೈಲಿಗೆ ಬಂತು. ಗುಳಿಗೆಗಳು ಮಂತ್ರಾಕ್ಷತೆಯ ಡಬ್ಬಿಯೊಳಗೆ ಹೋದವು. ಮೇಧಾ ಗುಳಿಗೆ ನುಂಗುವಾಗಲೆಲ್ಲ ಅದಕ್ಕೆ ಅರಿಶಿಣದ ಒಗರು ಇರುತ್ತಿತ್ತು.

ಆದರೆ ಈಗಿನ ಆಪರೇಷನ್ ಹೃದಯಕ್ಕಲ್ಲ, ಮೂಗಿಗೆ. ಮೂಗಿಗೆ ಏನಾಗಿತ್ತು ಎಂದರೆ, ಏನೂ ಆಗಿರಲಿಲ್ಲ.

ಲಕ್ಷ್ಮೇಶ್ವರದಿಂದ ವೇಣೂಬಾಯಿ ತನ್ನ ಮಗನನ್ನು ಕರೆದುಕೊಂಡು ಹುಡುಗಿ ನೋಡಲು ಬಂದದ್ದು ಯುಗಾದಿಯ ಆಚೆಯ ವಾರ. ಮಗ ಮಾರ್ತಾಂಡ ಸಹಕಾರಿ ಬ್ಯಾಂಕಿನ ಕಾರಕೂನ. ಶಿರಾ, ಉಪ್ಪಿಟ್ಟು, ಚಹಾ ಆಯಿತು. ಮಾರ್ತಾಂಡ ಎರಡನೆಯ ಸಲ ಶಿರಾ ಹಾಕಿಸಿಕೊಂಡ. ಇದನ್ನು ಜಾನಕೀಬಾಯಿ ಶುಭಶಕುನವೆಂದು ತಿಳಿದಳು. ಆಮೇಲೆ ವೇಣೂಬಾಯಿ ಪಿಶವಿಯಿಂದ ಕೆಂಪು ಮಖಮಲ್ಲಿನ ಡಬ್ಬಿ ತೆಗೆದು, ಅದನ್ನು ಮೊದಲು ತನ್ನ ಕಣ್ಣಿಗೊತ್ತಿಕೊಂಡು, ಆಮೇಲೆ ತೆರೆದಳು. ಒಳಗೆ ಮುತ್ತಿನ ನತ್ತು. ನಡುವೆ ಒಂದು ಕೆಂಪು ಹರಳು.

"ನಮ್ಮ ಅತ್ತಿ, ಅವರ ಅತ್ತಿ, ಎಲ್ಲಾರೂ ಇದನ್ನ ಹಾಕ್ಕೊಂಡ ಅಕ್ಷತಿಗೆ ನಿಂತಾರ," ಎಂದಳು ವೇಣೂಬಾಯಿ. "ನಿಶ್ಚಯದ ದಿನಾ ಎಲ್ಲಾರ ಮುಂದ ಸೊಸಿ ಮೂಗಿಗೆ ಏರಸೋದು ನಮ್ಮ ಪದ್ಧತಿ. ಒಂದೀಟು ಅಳತಿ ನೋಡೋಣಂತ ತಂದೆ. ಬಾರವಾ, ಹಿಂಗ ಬೆಳಕಿಗೆ ಬಾ."

ಮೇಧಾ ಬೆಳಕಿಗೆ ಹೋದಳು. ಹರಿವಾಣದಲ್ಲಿಟ್ಟ ಬದನೆಕಾಯಿಯಂತೆ ಗಲ್ಲ ಹಿಡಿದು ಆ ಕಡೆ ಈ ಕಡೆ ಹೊರಳಿಸಲಾಯಿತು. ನತ್ತಿನ ತಂತಿ ಗಿಡ್ಡವಾಗಿತ್ತು, ಬಿಗಿಯಾಗಿತ್ತು. ಮೇಧಾಳ ಮೂಗಿನ ಹೊಳ್ಳೆ ದಪ್ಪವಾಗಿತ್ತು. ತುಟಿಯ ಮೇಲೆ ಬಂದು ಕೂರಬೇಕಾದ ಮುತ್ತುಗಳು ಗಲ್ಲದ ಕಡೆ ಮುಖ ಮಾಡಿ, ಮುನಿಸಿಕೊಂಡ ಹಾಗೆ ನಿಂತವು.

"ಅಯ್ಯ, ಕುಂಡ್ರವಲ್ದು," ಎಂದಳು ವೇಣೂಬಾಯಿ.

ರಘೂತ್ತಮ ಹೈಸ್ಕೂಲಿನ ಸಂಸ್ಕೃತ ಮಾಸ್ತರ. ಯಾವ ವಿಷಯ ಕೊಟ್ಟರೂ ಒಂದು ತಾಸು ಮಾತಾಡಬಲ್ಲವನು. ಅವನು ಗಂಟಲು ಸರಿಮಾಡಿಕೊಂಡು, "ಪತ್ತಾರರ ಕಡೆ ಒಯ್ದು ತಂತಿ ಚೂರು..." ಎಂದ.

"ನತ್ತಿಗೆ ಹತಾರ ತಾಗಸಂಗಿಲ್ರೀ ಮಾಸ್ತರ," ಎಂದು ವೇಣೂಬಾಯಿ ಅಲ್ಲಿಗೇ ತಡೆದಳು. "ಹಿರೇರು ಮಾಡಿಸಿದ್ದು. ಒಂದ ಸಲ ಸುತಗಿ ಬಿತ್ತಂದ್ರ ಅದು ಬರೇ ಬಂಗಾರ ಆತು." ಎಂದವಳು ಚಹಾದ ಬಟ್ಟಲು ಕೆಳಗಿಟ್ಟು, ತೀರ ಸಹಜವಾಗಿ ಮುಂದುವರಿಸಿದಳು: "ಈಗೆಲ್ಲಾ ಮೂಗ ತಿದ್ದಿ ಕೊಡ್ತಾರಂತಲ್ಲ. ನಮ್ಮ ಮಾರ್ತಾಂಡನ ಬ್ಯಾಂಕಿನ್ಯಾಗ ಒಬ್ಬಾಕಿ ಮಾಡಿಸಿಕೊಂಡ್ಳು. ಹೋದ್ಲು, ಬಂದ್ಲು. ಗದಗಿಗೇ ಬರ್ತಾರಂತ ಡಾಕ್ಟರು, ಶನಿವಾರಕ್ಕೊಮ್ಮೆ."

ಯಾರೂ ನಗಲಿಲ್ಲ. ಮೇಧಾ ಒಬ್ಬಳೇ, ಇದು ಚೇಷ್ಟೆಯ ಮಾತಿರಬೇಕೆಂದು ತುಟಿ ಅರಳಿಸಿ, ಮತ್ತೆ ಮುಚ್ಚಿದಳು. ಬಂಗಾರಕ್ಕೆ ಸುತ್ತಿಗೆ ತಾಗಬಾರದು, ಹುಡುಗಿಗೆ ತಾಗಬಹುದು. ಮಾರ್ತಾಂಡ ಮೊಬೈಲಿನಲ್ಲಿ ಏನನ್ನೋ ಮೇಲಕ್ಕೆ ತಳ್ಳುತ್ತಿದ್ದ. ಅವನ ಮೂಗು ಗಿಳಿಯದರಂತೆ ಬಾಗಿ, ತುದಿಯಲ್ಲಿ ತುಸು ಎಡಕ್ಕೆ ತಿರುಗಿತ್ತು. ಆ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅದರಿಂದ ಏನೂ ತೂಗಬೇಕಾಗಿರಲಿಲ್ಲವಲ್ಲ.

ಅವರು ಹೋದ ಮೇಲೆ ರಘೂತ್ತಮ ಅಂದದ್ದು ಒಂದೇ ಮಾತು: "ನೋಡೋಣು." ಈ ಮಾತನ್ನು ಅವನು ಮಳೆಗೂ, ವರ್ಗಾವಣೆಗೂ, ಹೆಂಡತಿಯ ಕಾಯಿಲೆಗೂ ಅಂದಿದ್ದ. ಅವನು ನೋಡುವಷ್ಟರಲ್ಲೇ ಹೆಂಡತಿ ಹೋಗಿದ್ದಳು. ನೋಡುವ ಕೆಲಸ ಎಂದಿನಂತೆ ಜಾನಕೀಬಾಯಿಯ ಪಾಲಿಗೆ ಬಂತು. ಅವಳು ಶನಿವಾರದ ಡಾಕ್ಟರ ವೇಳೆ ಗೊತ್ತುಮಾಡಿಕೊಂಡು ಬಂದಳು.

ಮೇಧಾಳಿಗೆ ಹೆಚ್ಚು ಹೇಸಿಗೆಯಾದದ್ದು ಬೇರೆ ಒಂದಕ್ಕೆ. ಜಾನಕೀಬಾಯಿಯ ಮೂಗೂ ಅದೇ ಮೂಗು. ರಘೂತ್ತಮನದೂ ಅದೇ. ಪಡಸಾಲೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತ ಅಜ್ಜ, ಮುತ್ತಜ್ಜ, ರುಮಾಲು ಸುತ್ತಿದ ಅವರಪ್ಪ, ಎಲ್ಲರೂ ಅದೇ ದಪ್ಪ ಹೊಳ್ಳೆಯಿಂದ ಉಸಿರಾಡಿ, ಪೂಜೆ ಮಾಡಿ, ಪಾಠ ಹೇಳಿ ಸತ್ತಿದ್ದರು. ವೇಣೂಬಾಯಿಯ ಹಿರಿಯರು ಮಾಡಿಸಿದ್ದಕ್ಕೆ ಹತಾರ ತಾಗಬಾರದು. ಈ ಮನೆಯ ಹಿರಿಯರು ಮಾಡಿಟ್ಟದ್ದಕ್ಕೆ ಯಾವ ಕಟ್ಟೂ ಇರಲಿಲ್ಲ. ಆ ಮೂಗನ್ನು ಹೊತ್ತುಕೊಂಡೇ ಜಾನಕೀಬಾಯಿ, "ನಿನ್ನ ಮೂಗು ಮೊದಲಿಂದನೂ ಮೊಂಡ," ಎಂದು ಅಂದಳು.

ಬೆಳ್ಳಟ್ಟಿಯ ಗೆಳತಿ ನೀಲಾಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಬಹಳ ಹೊತ್ತು ನಕ್ಕಳು. ನೀಲಾ ಕಾಲೇಜಿನಲ್ಲಿ ಮೇಧಾಳ ಬೆಂಚಿನವಳು, ಮೇಧಾಳ ಎದೆಯ ಗುಟ್ಟು ಗೊತ್ತಿದ್ದ ಹೊರಗಿನವಳು ಅವಳೊಬ್ಬಳೇ.

"ಹಂಗಂದ್ರ ನಾಳೆ ಬಳಿ ಏರಲಿಲ್ಲಂದ್ರ ಕೈ ಕೆತ್ತಿಸ್ತಾರೇನಲೇ?" ಎಂದಳು ನೀಲಾ. "ಒಲ್ಲೆ ಅಂತ ಹೇಳಾಕ ಏನಾಗೈತಿ ನಿನಗ?"

"ಹೇಳೂದು ಬ್ಯಾಡ. ಡಾಕ್ಟರಗ ಎದಿ ಕೇಳಿಸ್ತದ. ಅವರ ಬ್ಯಾಡ ಅಂತಾರ."

"ಅವರು ಬ್ಯಾಡ ಅನ್ನದಿದ್ರ?"

ಮೇಧಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಮೂಗು ನಿಂದೈತಿ, ಬಾಯಿ ಯಾರದೈತಿ?" ಎಂದು ನೀಲಾ ಫೋನಿಟ್ಟಳು. ಅವಳ ಹಿಂದೆ ಎಮ್ಮೆಯೊಂದು ಒದರುತ್ತಿತ್ತು. ಎಮ್ಮೆಗೂ ತನಗಿಂತ ಧೈರ್ಯ ಹೆಚ್ಚು ಎಂದು ಮೇಧಾಳಿಗೆ ಅನ್ನಿಸಿತು. ಅದು ಬೇಕಾದಾಗ ಒದರುತ್ತದೆ.

ಅಂದು ಮಧ್ಯಾಹ್ನ ಕಪಾಟಿನ ಕನ್ನಡಿಯ ಮುಂದೆ ನಿಂತು ಅವಳು ತನ್ನ ಮೂಗನ್ನು ದ್ವೇಷಿಸಲು ಪ್ರಯತ್ನಪಟ್ಟಳು. ದ್ವೇಷ ಬಂದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಮುಂದಿನಿಂದ ನೋಡಿದಳು, ಓರೆಯಿಂದ ನೋಡಿದಳು, ಬೆರಳಿಂದ ಹೊಳ್ಳೆ ಒತ್ತಿ ಸಣ್ಣದು ಮಾಡಿ ನೋಡಿದಳು. ಒತ್ತಿದಾಗ ಎದುರಿಗೆ ಯಾವುದೋ ಅಂಗಡಿಯ ಗೊಂಬೆ ನಿಂತಂತಾಯಿತು. ಬೆರಳು ತೆಗೆದೊಡನೆ ಮೂಗು ಮರಳಿ ಬಂದು ತನ್ನ ಜಾಗದಲ್ಲಿ ಕೂತಿತು, ಊರಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತವರ ಹಾಗೆ. ಅವಳು ಥಟ್ಟನೆ ಕಪಾಟು ಮುಚ್ಚಿದಳು. ಅದನ್ನು ಕಂಡು ಹಾಯೆನಿಸಿತ್ತು. ಆ ಹಾಯೆನಿಸಿದ್ದನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ.

ಸಂಜೆ ಮಾರ್ತಾಂಡನ ಮೆಸೇಜು ಬಂತು. 'ಅವ್ವ ಹೇಳಿದಳು. ಸಣ್ಣ ಪ್ರೊಸೀಜರ್ ಅಂತ. ಟೇಕ್ ಕೇರ್.' ಕೊನೆಗೆ ಜೋಡಿಸಿದ ಎರಡು ಕೈ. ಸತ್ತವರ ಫೋಟೋದ ಕೆಳಗೂ ಅವನು ಅದೇ ಕೈಗಳನ್ನು ಹಾಕುತ್ತಿದ್ದಿರಬೇಕು.

ಶನಿವಾರ ತಪಾಸಣೆ, ಎಲ್ಲ ಸರಿಯಿದ್ದರೆ ರವಿವಾರ ಬೆಳಿಗ್ಗೆ ಆಪರೇಷನ್. ಬೆಟಗೇರಿಯ ಕಡೆ ಹೋಗುವ ರಸ್ತೆಯಲ್ಲಿ ಆ ನರ್ಸಿಂಗ್ ಹೋಮ್. ಆಟೋದಲ್ಲಿ ಜಾನಕೀಬಾಯಿ ಕೊನೆಯ ಪಾಠ ಹೇಳಿದಳು.

"ಮೂಗಿನ ಡಾಕ್ಟರ ಮುಂದ ಎದಿ ಸುದ್ದಿ ಯಾಕ? ಕಣ್ಣಿನ ಡಾಕ್ಟರಗ ಮೊಣಕಾಲ ನೋವು ಹೇಳ್ತೀವೇನು? ಕೇಳಿದ್ರ ಏನೂ ಇಲ್ಲ ಅನ್ನು. ಅಲ್ಲೆ ವೇಣೂಬಾಯಿನೂ ಬರ್ತಾಳ. ಆಕಿ ಕಿವಿಗೆ ಬಿತ್ತಂದ್ರ ಮುಗೀತು."

ರಘೂತ್ತಮ ಡ್ರೈವರನ ಪಕ್ಕ ಕೂತು ರಸ್ತೆ ನೋಡುತ್ತಿದ್ದ. ಬಹಳ ಮುತುವರ್ಜಿಯಿಂದ ನೋಡುತ್ತಿದ್ದ.

ಮೇಧಾ ತಲೆಯಾಡಿಸಿದಳು. ಹೇಳುವ ಪ್ರಮೇಯವೇ ಇಲ್ಲ ಎಂದುಕೊಂಡಳು. ಹೇಳದೆಯೂ ಕೇಳುತ್ತದೆ.

ಶನಿವಾರದ ಸರ್ಜನ್ ಹುಬ್ಬಳ್ಳಿಯವರು, ಅತ್ತರು ಹಚ್ಚಿಕೊಂಡಿದ್ದರು. ಅವರ ಗೋಡೆಯ ತುಂಬ ಮೂಗುಗಳು, ಎಡಕ್ಕೆ ಮೊದಲಿನವು, ಬಲಕ್ಕೆ ಆಮೇಲಿನವು. ಆಮೇಲಿನವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ವೇಣೂಬಾಯಿ ಮೊದಲೇ ಬಂದು ಕುರ್ಚಿ ಹಿಡಿದಿದ್ದಳು. ಅವಳು ಡಬ್ಬಿ ತೆರೆದು ನತ್ತನ್ನು ಟೇಬಲ್ಲಿನ ಮೇಲಿಟ್ಟಳು.

"ಇದಕ್ಕ ಕುಂಡ್ರೂ ಹಂಗ ಮಾಡಿಕೊಡ್ರಿ."

ಇಷ್ಟು ಓದಿದ ಮನುಷ್ಯ ಈಗಲಾದರೂ ನಗುತ್ತಾನೆ ಎಂದು ಮೇಧಾ ಕಾದಳು. ಸರ್ಜನ್ ಒಂದು ಸಣ್ಣ ಇಕ್ಕಳದಂಥ ಅಳತೆಪಟ್ಟಿ ತೆಗೆದು ನತ್ತನ್ನು ಅಳೆದರು. ಹರಳಿನ ಅಗಲ, ತಂತಿಯ ಬಾಗು. ಆಮೇಲೆ ಕಂಪ್ಯೂಟರಿನಲ್ಲಿ ಮೇಧಾಳ ಫೋಟೋ ಏರಿಸಿ, ಹೊಳ್ಳೆಗಳನ್ನು ಹಿಟ್ಟಿನ ಹಾಗೆ ಹಿಸುಕಿ ತೋರಿಸಿದರು.

"ಹೊಳ್ಳೆ ಒಂದೀಟು ಕಟ್ ಮಾಡ್ತೀನಿ, ತುದಿ ಎತ್ತಿ ಕೊಡ್ತೀನಿ. ನತ್ತು ಹೇಳಿ ಮಾಡಿಸಿದಂಗ ಕೂಡ್ತದ. ಭಾಳ ಬ್ಯೂಟಿಫುಲ್ ಪೀಸ್," ಎಂದರು. ಪೀಸ್ ಅಂದದ್ದು ನತ್ತಿಗೆ.

"ಪೇಶಂಟ್ ಯಾರು?" ಎಂದು ಬಾಗಿಲಲ್ಲಿ ಯಾರೋ ಕೇಳಿದರು. ಅರಿವಳಿಕೆ ಕೊಡುವ ಡಾಕ್ಟರ್ ಸಾಬೀರಾ. ಕುಳ್ಳಗಿನ, ದಣಿದ ಮುಖದ ಹೆಂಗಸು. ಜಾನಕೀಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲಕ್ಷ್ಮೇಶ್ವರದ ಕಡ್ಯಾವ್ರೇನ್ರಿ?" ಎಂದು ವಿಚಾರಿಸಿದಳು.

"ಮುಂಡರಗಿ," ಎಂದಳು ಸಾಬೀರಾ. ಬೀಗರ ಊರಿನವಳಲ್ಲವೆಂದು ಜಾನಕೀಬಾಯಿಗೆ ಸಮಾಧಾನವಾಯಿತು.

ಅದೇ ಕೋಣೆಯ ಮೂಲೆಯಲ್ಲಿ ಹಸಿರು ಪರದೆಯ ಹಿಂದೆ ಒಂದು ಮಂಚ. ಮೇಧಾ ಮಲಗಿದಳು. ಜಾನಕೀಬಾಯಿ ಕಾವಲಿಗೆ ನಿಂತಳು. ಸ್ಟೆತಸ್ಕೋಪು ತಣ್ಣಗೆ ಎದೆಗೆ ತಾಗಿತು. ಸಾಬೀರಾ ಒಂದು ಕಡೆ ಕೇಳಿದಳು, ಇನ್ನೊಂದು ಕಡೆ ಕೇಳಿದಳು. ಎದ್ದು ಕೂಡು ಎಂದಳು, ಮತ್ತೆ ಕೇಳಿದಳು.

"ಇಲ್ಲೆ ಟಕ್ ಅಂತೈತಲ್ಲ. ಮೊದಲ ಯಾರರೆ ಹೇಳ್ಯಾರೇನು?"

"ಮುಂಜಾನಿಂದ ಹಸಗೊಂಡಾಳ್ರಿ," ಎಂದಳು ಜಾನಕೀಬಾಯಿ ತಡಮಾಡದೆ. "ಹೊಟ್ಟಿ ಗುರ್ ಅಂದಿರಬೇಕು."

"ಹೊಟ್ಟಿ ಕೆಳಗ ಇರತೈತ್ರೀ ಅಮ್ಮಾರ," ಎಂದ ಸಾಬೀರಾ ಮೇಧಾಳ ಮುಖವನ್ನೇ ನೋಡಿದಳು. "ವಾಲ್ವ್ ಜೋಲಿಬಿದ್ದೈತಿ ಅಂದಿದ್ರೇನು? ಗುಳಿಗಿ ತೊಗೋತೀ?"

ಮೇಧಾ ತಲೆಯಾಡಿಸಿದಳು. ಬಾಯಿಂದಲ್ಲ, ತಲೆಯಿಂದ ಮಾತ್ರ ಹೌದೆಂದಳು. ಅವಳ ಒಳಗೆ ಜಾತ್ರೆಯೇ ನೆರೆದಿತ್ತು. ಗೆದ್ದೆ ಎಂದುಕೊಂಡಳು. ಜಾನಕೀಬಾಯಿಯ ಮುಖದ ಬಣ್ಣ ಇಳಿಯಿತು. ಪರದೆಯ ಆಚೆ ವೇಣೂಬಾಯಿಯ ಕುರ್ಚಿ ಕಿರ್ ಎಂದಿತು.

ಕೆಳಗಿನ ಮಹಡಿಯಲ್ಲಿ ಎಕೋ ಮಾಡಿಸಿ ತಿರುಗಿ ಬರುವವರೆಗೂ ಮೇಧಾ ಹಗುರವಾಗಿದ್ದಳು. ಹೃದಯದ ಡಾಕ್ಟರು ಪರದೆಯ ಮೇಲೆ ಆ ಪದರ ಉಬ್ಬುವುದನ್ನು ತೋರಿಸಿದಾಗ ಅವಳಿಗೆ ಅದರ ಮೇಲೆ ಮಮತೆಯೇ ಉಕ್ಕಿತು. ಮೇಲೆ ಬಂದಾಗ ಸಾಬೀರಾ ರಿಪೋರ್ಟು ಓದಿ, ಸರ್ಜನ್ನರ ಟೇಬಲ್ಲಿನ ಮೇಲಿಟ್ಟಳು.

"ಭಾಳ ಮಂದಿಗಿ ಇರತೈತಿ ಇದು. ಸೋರಿಕಿ ಇಲ್ಲ. ಆಪರೇಷನ್‌ಗೆ ಅಡ್ಡಿ ಏನಿಲ್ಲ," ಎಂದಳು. ಆಮೇಲೆ ಜಾನಕೀಬಾಯಿಯ ಕಡೆ ತಿರುಗಿದಳು. "ಆದ್ರ ಮುಚ್ಚಿಡಬಾರದಾಗಿತ್ತು. ಮೂಗಿಗೆ ಕೊಡೋ ಇಂಜೆಕ್ಷನ್ನು ಎದಿ ಬಡಿತ ಏರಸ್ತೈತಿ. ಗೊತ್ತಿದ್ರ ಅಳತಿಯಾಗ ಕೊಡ್ತೀವಿ, ಸಲಾಯಿನ್ ಮೊದಲ ಹಚ್ತೀವಿ. ಗೊತ್ತಿರಲಿಲ್ಲಂದ್ರ ಟೇಬಲ್ ಮ್ಯಾಲೆ ಎದಿ ಓಡಾಕ ಹತ್ತಿತಂದ್ರ ನಾವು ಕಾರಣಾ ಹುಡುಕ್ಕೋತ ನಿಂದರಬೇಕಾಗ್ತಿತ್ತು. ಹುಡುಗಿ ನಿಮ್ಮದ ಐತಲ್ರಿ?"

ಜಾನಕೀಬಾಯಿ ಸೆರಗು ಸರಿಮಾಡಿಕೊಂಡಳು. ಅವಳ ಕಣ್ಣು ಡಾಕ್ಟರ ಮೇಲಿರಲಿಲ್ಲ, ವೇಣೂಬಾಯಿಯ ಮೇಲಿತ್ತು. ಮೇಧಾಳದೂ ಅಲ್ಲೇ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ಉಳಿದಿದೆ. ಈಗ ಈ ಹೆಂಗಸು ಡಬ್ಬಿ ಮುಚ್ಚಿ ಎದ್ದು ಹೋಗುತ್ತಾಳೆ. ಹೋಗಲಿ, ದೇವರೇ, ಹೋಗಲಿ.

ವೇಣೂಬಾಯಿ ತುಸು ಹೊತ್ತು ವಿಚಾರ ಮಾಡಿದಳು. ಎಲ್ಲ ಲೆಕ್ಕ ಹಾಕಿ ನೋಡಿದವಳ ಹಾಗೆ ಕೈ ಬೀಸಿದಳು.

"ಇರಲಿ ಬಿಡ್ರಿ. ಎದಿ ಒಳಗ ಇರ್ತದ, ಯಾರಿಗೆ ಕಾಣ್ತದ? ನಿಶ್ಚಯಕ್ಕ ಬಂದ ಮಂದಿ ಮೂಗ ನೋಡ್ತಾರ. ಅದಷ್ಟ ಛಂದ ಆಗಲಿ."

"ಅದಕ್ಕ ನಾ ನಿಮ್ಮನ್ನ ದೊಡ್ಡ ಮನಸಿನಾಕಿ ಅಂತೀನಿ," ಎಂದಳು ಜಾನಕೀಬಾಯಿ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಎರಡು ವರ್ಷ ಮಂತ್ರಾಕ್ಷತೆಯ ಡಬ್ಬಿಯಲ್ಲಿ ಬಚ್ಚಿಟ್ಟ ಭೂತಕ್ಕೆ ಯಾರೂ ಹೆದರಲಿಲ್ಲವಲ್ಲ, ಆ ಆನಂದಕ್ಕೆ. ಸರ್ಜನ್ ನಕ್ಕು ರವಿವಾರದ ವೇಳೆ ಹೇಳಿದರು. ರಘೂತ್ತಮ ಗೋಡೆಯ ಮೂಗುಗಳ ಮುಂದೆ ನಿಂತು, ತನ್ನ ಮೂಗಿನ ತುದಿಯನ್ನು ತನಗರಿವಿಲ್ಲದೆ ಮುಟ್ಟಿಕೊಳ್ಳುತ್ತಿದ್ದ.

ಮೇಧಾ ಎದೆಯ ಕಡೆ ಗಮನ ಕೊಟ್ಟು ಕೇಳಿದಳು. ತಪ್ಪು ಬಡಿ ಎಂದು ಇಷ್ಟು ದಿನ ಬೇಡಿಕೊಂಡಿದ್ದಳಲ್ಲ, ಅದು ಈಗ ಮುಂದಿನ ಬೆಂಚಿನ ಜಾಣ ಹುಡುಗಿಯ ಹಾಗೆ ಒಂದೂ ತಪ್ಪದೆ ಬಡಿಯುತ್ತಿತ್ತು. ಅದಕ್ಕೆ ಅವಳ ಜಗಳ ಬೇಕಿರಲಿಲ್ಲ. ತನ್ನ ಹೇಡಿತನವನ್ನು ಒಂದು ಮಾಂಸದ ಪದರದ ಮೇಲೆ ಹೇರಿ, ಅದು ಹೊರಲಿಲ್ಲವೆಂದು ಅಳಲು ನಿಂತ ತನ್ನನ್ನೇ ಅವಳು ಹೊರಗಿನಿಂದ ನೋಡಿದಳು. ಈ ಕೋಣೆಯಲ್ಲಿದ್ದ ಎಲ್ಲರಿಗಿಂತ ಕೀಳಾಗಿ ಕಂಡವಳು ಅವಳೇ. ಇವರಾದರೂ ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತಿದ್ದರು.

ಸಾಬೀರಾ ಹೋಗಲು ಎದ್ದವಳು ನಿಂತಳು.

"ಒಂದ್ ಮಾತು. ಇದನ್ನ ನಾ ಪೇಶಂಟ್ ಬಾಯಿಲೆ ಕೇಳಬೇಕು. ನಿನಗ ಬೇಕಾಗೈತಿ ಅಂತ ಮಾಡಿಸಿಕೊಳ್ಳಾಕ ಹತ್ತೀಯಲ್ಲ?"

"ಆಕೀಗ ಬೇಕಾಗೇ ಬಂದದ್ದು," ಎಂದಳು ಜಾನಕೀಬಾಯಿ.

"ಯಾರಿಗೆ ಬ್ಯಾಡ್ರಿ ಛಂದ ಕಾಣೂದು," ಎಂದಳು ವೇಣೂಬಾಯಿ.

"ಪೇಶಂಟ್ ಹೇಳಲಿ."

ಮೇಧಾ ನೆಲ ನೋಡುತ್ತಿದ್ದಳು. ಸಾಬೀರಾಳ ದನಿ ತುಸು ಮೆತ್ತಗಾಯಿತು. "ಹೆದರಿಕಿ ಆಗೈತೇನು?"

"ಹಾಂ, ಹೆದರ್ಯಾಳ್ರಿ ಪಾಪ," ಎಂದಳು ಜಾನಕೀಬಾಯಿ ಉತ್ಸಾಹದಿಂದ. "ಮುಂದಿನ ವಾರ ಮಾಡೋಣಲ್ಲ ಬೇಕಾದ್ರ."

"ಹೆದರಿಕಿ ಯಾರಿಗಿರೂದಿಲ್ಲ," ಎಂದ ರಘೂತ್ತಮನೂ ಗೋಡೆಯ ಕಡೆಯಿಂದ. ಅಂದು ಅವನು ಪೂರ್ತಿ ಮಾಡಿದ ಮೊದಲ ವಾಕ್ಯ ಅದು.

ಎಲ್ಲರೂ ಕೂಡಿ ಅವಳಿಗೊಂದು ನೆಪವನ್ನು ಪ್ರಸಾದದ ಹಾಗೆ ಮುಂದೆ ಹಿಡಿದಿದ್ದರು. ಕೈ ಚಾಚಿದರೆ ಸಾಕಿತ್ತು. ಒಂದು ವಾರ ಸಿಗುತ್ತಿತ್ತು, ಆಮೇಲೆ ಇನ್ನೊಂದು ನೆಪ ಹುಡುಕಬಹುದಿತ್ತು. ಟೇಬಲ್ಲಿನ ಮೇಲೆ ನತ್ತು ಬಿದ್ದಿತ್ತು, ತನ್ನ ಗಿಡ್ಡ ತಂತಿಯನ್ನು ಎತ್ತಿಕೊಂಡು, ಯಾರಿಗೂ ಬಾಗದೆ. ಮೇಧಾ ಅದನ್ನೇ ನೋಡುತ್ತ ಉಸಿರೆಳೆದುಕೊಂಡಳು. ಆ ದಪ್ಪ ಹೊಳ್ಳೆಗಳು ಅರಳಿದವು.

"ಹೆದರಿಕಿ ಇಲ್ರಿ," ಎಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನನಗ ನನ್ನ ಮೂಗು ಸೇರ್ತದ."